ಮಗ ಓದೋದ್ರಲ್ಲಿ ಹಿಂದೆ, ಮನೆಯಲ್ಲಿ ಕನ್ನಡ ಬಿಡಬೇಕಾ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗ ಇಂಗ್ಲಿಷ್ ಮೀಡಿಯಂ, ನಾಲ್ಕನೇ ಕ್ಲಾಸು. ಬಾಯಲ್ಲಿ ಎಲ್ಲ ಹೇಳ್ತಾನೆ, ಬರೆಯೋಕೆ ಕೂತರೆ ಅಳು. ಸೈಕಾಲಜಿಸ್ಟ್‌ಗೆ ತೋರಿಸಿ, ಮನೆಯಲ್ಲಿ ಕನ್ನಡ ಬಿಡಿ ಅಂತ ಟೀಚರ್ ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಖಂಡಿತ ತೋರಿಸಿ. ಕನ್ನಡ ಮಾತ್ರ ಬಿಡಬೇಡಿ.

ಸೈಕಾಲಜಿಸ್ಟ್ ಅಂದ ಕೂಡಲೇ 'ನಮ್ಮ ಮಗುವಿಗೆ ತಲೆ ಸರಿ ಇಲ್ವಾ?' ಅಂತ ಎದೆ ಧಸಕ್ಕೆನ್ನುತ್ತದೆ. ಹೆದರಬೇಡಿ. ಶಾಲಾ ಮಕ್ಕಳನ್ನು ನೋಡುವ ಸೈಕಾಲಜಿಸ್ಟ್ ಮಾತ್ರೆ ಬರೆದುಕೊಡುವವರಲ್ಲ. ಮಗು ಹೇಗೆ ಕಲಿಯುತ್ತದೆ, ಎಲ್ಲಿ ತಡವರಿಸುತ್ತದೆ ಅಂತ ಹುಡುಕುವವರು.

ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಿದೆಯಾ ಅಂತ ಕೇಳುತ್ತಾರೆ. ಆಮೇಲೆ ಬುದ್ಧಿಶಕ್ತಿಯ ಪರೀಕ್ಷೆ. ಅದರಲ್ಲಿ ಬಿನೆ-ಕಾಮತ್ ಅನ್ನೋ ಒಂದು ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ಧಾರವಾಡದಲ್ಲಿ, ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿಯೇ ಹೊಂದಿಸಿದ್ದು. ಕೊನೆಗೆ ಓದು, ಸ್ಪೆಲಿಂಗ್, ಲೆಕ್ಕ.

ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಒಂದೇ ಒಂದು ಭಾಷೆಯಲ್ಲಿ ಹಿಂದಿದ್ದರೆ ಬಹುಶಃ ಅಭ್ಯಾಸ ಸಾಲದು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದೋದು, ಬರೆಯೋದು ಕಷ್ಟವಾಗುವ ತೊಂದರೆ, ಇದ್ದರೆ ಸಾಮಾನ್ಯವಾಗಿ ಕಲಿತ ಎಲ್ಲ ಲಿಪಿಗಳಲ್ಲೂ ಅದರ ಗುರುತು ಸಿಗುತ್ತದೆ, ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಡಿಮೆ.

ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗನ ಜೊತೆ ನಾನೂ ಹೋಗಿದ್ದೆ. ಸೈಕಾಲಜಿಸ್ಟ್ ಮರಾಠಿಯವರು. 'ನಿನ್ನ ಭಾಷೆಯಲ್ಲೇ ಒಂದು ಕಥೆ ಹೇಳು' ಅಂದರು, ನಾನು ಅರ್ಥ ಹೇಳುತ್ತಾ ಹೋದೆ. ಕಾಗೆ-ಗುಬ್ಬಚ್ಚಿ ಕಥೆಯನ್ನು ಎರಡೂ ದನಿಯಲ್ಲಿ ಪಟಪಟ ಹೇಳಿಬಿಟ್ಟ. ಆಮೇಲೆ ಪುಸ್ತಕ ಕೊಟ್ಟರು. ಇಂಗ್ಲಿಷಿನಲ್ಲಿ 'ವಾಸ್' (was) ಇದ್ದಲ್ಲಿ 'ಸಾ' (saw) ಅಂದ. ಮರಾಠಿಯಲ್ಲಿ 'ಭ' ಇದ್ದಲ್ಲಿ 'ಮ' ಅಂದ. ಸಾಲು ತಪ್ಪಬಾರದು ಅಂತ ಬೆರಳನ್ನು ಎಷ್ಟು ಒತ್ತಿ ಹಿಡಿದಿದ್ದ ಅಂದರೆ ಉಗುರು ಬೆಳ್ಳಗಾಗಿತ್ತು. ಇಂಥ ಮಗುವನ್ನು ಸೋಮಾರಿ ಅಂದಿದ್ವಲ್ಲ ಅಂತ ಅವನಮ್ಮ ಅಲ್ಲೇ ಅತ್ತುಬಿಟ್ಟರು.

ಅವನ ಬುದ್ಧಿ ಎಷ್ಟು ಚುರುಕು ಅಂತ ಗೊತ್ತಾಗಿದ್ದೇ ಆ ಕನ್ನಡದ ಕಥೆಯಿಂದ. ಕನ್ನಡ ಬಿಟ್ಟರೆ ಡಿಸ್ಲೆಕ್ಸಿಯಾ ಹೋಗುವುದಿಲ್ಲ. ಅಜ್ಜಿಯ ಜೊತೆ ಮಾತು ಹೋಗುತ್ತದೆ, ಅಷ್ಟೇ.

ರಿಪೋರ್ಟ್ ಬಂತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ವಾರಕ್ಕೆ ಎಷ್ಟು ರೆಮಿಡಿಯಲ್ ಕ್ಲಾಸ್ (ಹಿಂದೆ ಬಿದ್ದದ್ದನ್ನು ಬೇರೆ ರೀತಿಯಲ್ಲಿ ಕಲಿಸುವ ವಿಶೇಷ ಪಾಠ) ಬೇಕು, ಟೀಚರ್ ಏನು ಬದಲಾಯಿಸಬೇಕು ಅಂತ ಬರೆಸಿಕೊಳ್ಳಿ. ಶಾಲೆಯವರ ಜೊತೆ ಒಮ್ಮೆ ಮಾತಾಡಿ ಅಂತಲೂ ಕೇಳಿ. ಸುಮ್ನೆ ಒಂದು ಹೆಸರು ಅಂಟಿಸಿ ಕಳಿಸಿದರೆ ಒಪ್ಪಬೇಡಿ.

ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು ಇಂಥ ಸೌಲಭ್ಯಕ್ಕೆ ಖಾಸಗಿ ರಿಪೋರ್ಟ್ ಸಾಲದು, ಸರ್ಕಾರ ಒಪ್ಪಿದ ಆಸ್ಪತ್ರೆಯ ಎಲ್.ಡಿ. (ಲರ್ನಿಂಗ್ ಡಿಸಬಿಲಿಟಿ, ಅಂದರೆ ಕಲಿಕಾ ನ್ಯೂನತೆ) ಸರ್ಟಿಫಿಕೇಟ್ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಮುಂಬೈಯಲ್ಲಿ ಸಾಯನ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ.

ಸೈಕಾಲಜಿಸ್ಟ್ ಹತ್ತಿರ ಹೋಗುವಾಗ ಎರಡು ವರ್ಷದ ಹಳೇ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಕೆಂಪು ಗೆರೆ ತುಂಬಿದ್ದನ್ನೇ ಆರಿಸಿ. ಅವರಿಗೆ ಬೇಕಾಗಿರೋದೇ ಆ ತಪ್ಪುಗಳು.