‘ಎಂತಾದ್ರೂ ಅಡ್ಡಿ ಇಲ್ಲ ಸರ್’

ಕಾಸರಗೋಡಿನ ಕುಂಬಳೆ ಹತ್ತಿರ ಒಂದು ದೇವಸ್ಥಾನದ ಬ್ರಹ್ಮಕಲಶ. ನಾನು ಊಟದ ಪಂಕ್ತಿಯಲ್ಲಿ ಕೂತಿದ್ದೆ. ಸಾರು ಬಡಿಸುತ್ತಿದ್ದ ಹುಡುಗ ಎರಡನೇ ಸಲ ಬಂದಾಗ ಬಗ್ಗಿ, ಮೆಲ್ಲಗೆ ಹೇಳಿದ: “ಸರ್, ಬಿಕಾಂ ಆಗಿದೆ. ಒಂದು ಕೆಲಸ ಇದ್ರೆ ಹೇಳಿ.”

“ಎಂತ ಕೆಲಸ ಮಾರಾಯ?”

“ಎಂತಾದ್ರೂ ಅಡ್ಡಿ ಇಲ್ಲ ಸರ್.” ಇಷ್ಟು ಹೇಳಿ ಬಕೆಟ್ ಎತ್ತಿಕೊಂಡು ಮುಂದಿನ ಎಲೆಗೆ ಹೋದ.

ಮಂಗಳೂರಿನ ಕಂಪೆನಿಗಳಿಗೆ ಜನ ಹುಡುಕಿ ಕೊಡುವುದು ನನ್ನ ಹೊಟ್ಟೆಪಾಡು. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲಿ ಹೋದರೂ ಈ ಮಾತು ತಪ್ಪಿದ್ದಲ್ಲ. ಹೇಳುವವರು ಇದನ್ನು ವಿನಯ ಅಂದುಕೊಂಡಿದ್ದಾರೆ. ನನಗೆ ಮಾತ್ರ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

ಪರಿಚಯದವರ ಕಿಸೆಯಲ್ಲಿ ಕೆಲಸ ಇರುವುದಿಲ್ಲ. ಹೆಚ್ಚಿನವರಿಗೆ ಕೆಲಸ ಕೊಡುವ ಅಧಿಕಾರವೂ ಇಲ್ಲ. ಅವರಿಂದ ಆಗುವುದು ಇಷ್ಟೇ: ಎಲ್ಲೋ ಒಂದು ಮಾತು ಕಿವಿಗೆ ಬಿದ್ದಾಗ ನಿಮ್ಮ ನೆನಪಾಗುವುದು. ಒಬ್ಬ ಮಾವ ಆಡಿಟರ್ ಆಫೀಸಿನಲ್ಲಿ ಕಾಗದಕ್ಕೆ ಸಹಿ ಹಾಕಲು ಕಾಯುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. “ಟ್ಯಾಲಿ ಗೊತ್ತಿರುವ ಒಬ್ಬ ಬೇಕಿತ್ತು” ಅಂತ ಒಳಗಿನಿಂದ ಮಾತು ಬರುತ್ತದೆ. ಟ್ಯಾಲಿ ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್. ಆ ‘ಟ್ಯಾಲಿ’ ಅನ್ನುವ ಶಬ್ದಕ್ಕೆ ನಿಮ್ಮ ಮುಖ ಅಂಟಿಕೊಂಡಿದ್ದರೆ ಮಾವ ಬಾಯಿ ತೆರೆಯುತ್ತಾರೆ. ಇಲ್ಲದಿದ್ದರೆ ಸಹಿ ಹಾಕಿ ಬಸ್ಸು ಹತ್ತುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬ ಧಣಿಯೂ ನನ್ನ ಹತ್ತಿರ ‘ಎಂತಾದ್ರೂ ಮಾಡುವ ಒಬ್ಬ ಬೇಕು’ ಅಂತ ಕೇಳಿಲ್ಲ. ಅಂಥ ಹುದ್ದೆಯೇ ಇಲ್ಲ.

ಆ ಹುಡುಗನನ್ನು ಕೈ ತೊಳೆಯುವಲ್ಲಿ ಹಿಡಿದು ನಿಲ್ಲಿಸಿದೆ. ಇಷ್ಟು ದಿನ ಎಂತ ಮಾಡ್ತಿದ್ದಿ ಅಂತ ಕೇಳಿದೆ. ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ನೆ ಕೂತಿದ್ದನಂತೆ. ಕೆದಕಿದಾಗ ಗೊತ್ತಾಯಿತು, ಎರಡು ವರ್ಷದಿಂದ ಅಂಗಡಿಯ ಲೆಕ್ಕವೆಲ್ಲ ಇವನದ್ದೇ. ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ, ಜಿಎಸ್‌ಟಿಯ ಈ ಎರಡು ರಿಟರ್ನ್‌ಗಳನ್ನೂ ತಪ್ಪದೆ ಹಾಕುತ್ತಿದ್ದ. “ಅದು ಅಂಗಡಿ ಕೆಲಸ ಅಲ್ವಾ ಸರ್?” ಅಂದ. ತಲೆಗೆ ಒಂದು ಮೊಟಕಬೇಕು ಅನಿಸಿತು.

ಅಲ್ಲೇ ನಿಂತು ಒಂದು ವಾಕ್ಯ ಬಾಯಿಪಾಠ ಮಾಡಿಸಿದೆ. “ಎರಡು ವರ್ಷ ಅಂಗಡಿಯ ಜಿಎಸ್‌ಟಿ ನಾನೇ ನೋಡಿದ್ದೇನೆ, ಟ್ಯಾಲಿ ಬರ್ತದೆ, ಮಂಗಳೂರಿನ ಆಡಿಟರ್ ಆಫೀಸಿಗೆ ಸೇರಬೇಕು ಅಂತಿದ್ದೇನೆ. ಯಾರನ್ನು ಕಂಡು ಮಾತಾಡಿದರೆ ಒಳ್ಳೆಯದು?” ಕೊನೆಯ ಪ್ರಶ್ನೆಯನ್ನು ಗಮನಿಸಿ. ‘ಕೆಲಸ ಕೊಡಿಸಿ’ ಅಂದರೆ ಎದುರಿನವರಿಗೆ ಮುಜುಗರ, ‘ನೋಡುವ’ ಅಂತ ಜಾರಿಕೊಳ್ಳುತ್ತಾರೆ. ಒಂದು ಹೆಸರು ಕೇಳಿದರೆ ಹೇಳಲು ಯಾರಿಗೂ ಕಷ್ಟವಿಲ್ಲ. ಹೊತ್ತನ್ನೂ ನೋಡಬೇಕು. ಆದಾಯ ತೆರಿಗೆಯ ರಿಟರ್ನ್‌ಗೆ ಸಾಮಾನ್ಯವಾಗಿ ಜುಲೈ 31 ಗಡುವು, ಆಡಿಟ್ ವರದಿಗೆ ಸೆಪ್ಟೆಂಬರ್ 30. ಗಡುವು ಮುಂದೆ ಹೋಗುವುದೂ ಉಂಟು. ಹಾಗಾಗಿ ಆಡಿಟರ್ ಆಫೀಸಿನ ಬಾಗಿಲು ತಟ್ಟಲು ಜೂನ್ ಒಳ್ಳೆಯದು. ಆಗ ಅವರಿಗೂ ಕೈ ಬೇಕಾಗಿರುತ್ತದೆ.

ಯಾರ ಹತ್ತಿರ ಕೇಳುವುದು? ನಮ್ಮವರು ಮೊದಲು ಓಡುವುದು ಅಣ್ಣ, ಭಾವ, ಪಕ್ಕದ ಮನೆಯವರ ಹತ್ತಿರ. ಅವರಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಪರಿಚಯದಿಂದ ಕೆಲಸ ಸಿಕ್ಕಿದವರಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ಮಾತ್ರ ಸುದ್ದಿ ಬಂದದ್ದು ಆಗಾಗ ಸಿಗುವವರಿಂದ. ಸುಮಾರು 28 ಮಂದಿಗೆ ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪಕ್ಕೆ ಕಾಣುವವರಿಂದ. ಉಳಿದವರಿಗೆ ನಡುವಿನವರಿಂದ. ಅದು ಚಿಕ್ಕ ಸಮೀಕ್ಷೆ, ಅಲ್ಲಿನ ಆಫೀಸು ನೌಕರರದ್ದು. ಇಲ್ಲಿಗೆ ಹಾಗೇ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಸಿಗುವವರು ನಮ್ಮಲ್ಲಿ ಎಷ್ಟು ಜನ! ದೇವಸ್ಥಾನದ ಆಯನ, ದೈವದ ನೇಮ, ತಾಳಮದ್ದಲೆ, ಮದುವೆ. ಅವರಿಗೆ ನಿಮ್ಮನ್ನು ನೆನಪಿಡಲು ಸಿಗುವುದು ಎರಡು ನಿಮಿಷ. ಅದರಲ್ಲೂ ‘ಎಂತಾದ್ರೂ’ ಅಂದರೆ ಹೇಗೆ?

ಇನ್ನೊಂದು ಬೇಜಾರು. ಕಾಸರಗೋಡಿನ ಮಕ್ಕಳು ತಮ್ಮ ಭಾಷೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿದಾಗ ವಿಷಯ ಕೋರ್ಟಿಗೆ ಹೋಯಿತು. ಮಂಗಳೂರಿನ ಆಸ್ಪತ್ರೆಗಳನ್ನು ನಮ್ಮವರು ಎಷ್ಟು ನಂಬಿದ್ದಾರೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಆ ರೋಗಿಗಳ ಹತ್ತಿರ ಮಲಯಾಳದಲ್ಲಿ ಮಾತಾಡಿ, ಪಕ್ಕದ ಡಾಕ್ಟರಿಗೆ ಕನ್ನಡದಲ್ಲಿ ಹೇಳುವವರು ರಿಸೆಪ್ಶನ್‌ನಲ್ಲಿ ಬೇಕು. ಬದಿಯಡ್ಕ ಕಡೆಯ ಒಬ್ಬಳು ಹುಡುಗಿಯ ಬಯೋಡಾಟಾದಲ್ಲಿ ‘ಹವ್ಯಾಸ: ಸಂಗೀತ ಕೇಳುವುದು’ ಅಂತ ಇತ್ತು. ನಾಲ್ಕು ಭಾಷೆ ಬರುವ ವಿಷಯ ಎಲ್ಲೂ ಇರಲಿಲ್ಲ.

ಎಚ್ಚರಿಕೆಯ ಮಾತೂ ಹೇಳಬೇಕು. ಪಿಎಸ್‌ಸಿ ಮೂಲಕ ತುಂಬುವ ಸರಕಾರಿ ಹುದ್ದೆಗೆ ಪರೀಕ್ಷೆ ಬರೆಯಬೇಕು. ಅಲ್ಲಿ ‘ಗುರ್ತ ಉಂಟು’ ಅಂತ ದುಡ್ಡು ಕೇಳುವವನು ಕಳ್ಳ. ಗಲ್ಫ್‌ಗೆ ಕಳಿಸುವ ಏಜೆಂಟರ ನೋಂದಣಿಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡದೆ ಪಾಸ್‌ಪೋರ್ಟ್ ಕೊಡಬೇಡಿ, ಹೇಳಿದವರು ಸ್ವಂತ ಮಾವನೇ ಆದರೂ. ಪರಿಚಯದಿಂದ ಕೆಲಸ ಸಿಕ್ಕಿಯೇ ಸಿಗುತ್ತದೆ ಅಂತ ನಾನೂ ಮಾತು ಕೊಡಲಾರೆ.

ಸಾರಿನ ಹುಡುಗನಿಗೆ ಒಂದು ಹೆಸರು ಸಿಕ್ಕಿತು, ಅದೇ ಪಂಕ್ತಿಯಲ್ಲಿ ಕೂತಿದ್ದ ಅಡಿಕೆ ವ್ಯಾಪಾರಿಯೊಬ್ಬರಿಂದ. ಈಗ ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುತ್ತಾನೆ. ಮೊನ್ನೆ ಆ ವ್ಯಾಪಾರಿ ಸಿಕ್ಕಿ, “ಆ ಮಾಣಿ ಎಂತ ಆದ?” ಅಂತ ಕೇಳಿದರು. ಸೇರಿ ಆರು ತಿಂಗಳಾಗಿದೆ. ಇವನು ಅವರಿಗೆ ಒಂದು ಫೋನೂ ಮಾಡಿರಲಿಲ್ಲ. ನಾನೇ ಹುಡುಗನ ನಂಬರ್ ಹಚ್ಚಿ ಫೋನನ್ನು ಅವರ ಕೈಗೆ ಕೊಟ್ಟೆ.