‘ಈಗ ಯಾವ ತರಕಾರಿ ಇಲ್ಲ?’ ಎಂದು ಕೇಳಿ

ತೋಟಗಾರಿಕೆ ಸಲಹೆಗಾಗಿ ಕೊಪ್ಪಳ ಸುತ್ತಮುತ್ತಲಿನ ಸಣ್ಣ ರೈತರ ಹೊಲಗಳಿಗೆ ಹೋಗುತ್ತಿರುತ್ತೇನೆ. ಪಟ್ಟಣದವರು ನನ್ನನ್ನು ಕೇಳುವುದು ಒಂದೇ: ‘ಸರ್, ರಾಸಾಯನಿಕ ಹಾಕಿಲ್ಲ ಎಂದು ತರಕಾರಿ ಮಾರುವ ಇವರು ನಿಜವಾಗಿಯೂ ಔಷಧ ಹೊಡೆಯುವುದಿಲ್ಲವೇ?’ ರೈತರನ್ನೇ ಕೇಳಿದರೆ ‘ಇಲ್ಲ’ ಎಂಬ ಉತ್ತರ ಬಂದೇ ಬರುತ್ತದೆ. ಅದರ ಬದಲು ‘ನಿಮ್ಮಲ್ಲಿ ಈಗ ಯಾವ ತರಕಾರಿ ಇಲ್ಲ?’ ಎಂದು ಕೇಳಿ ನೋಡಿ. ಕಾಲಕ್ಕೆ ತಕ್ಕಂತೆ ಬೆಳೆಯುವವರಲ್ಲಿ ಇಲ್ಲದ ತರಕಾರಿಯೂ ಇರುತ್ತದೆ.

ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಹೂಕೋಸು ಗಡ್ಡೆ ಕಟ್ಟಲು ತಂಪು ಬೇಕು. ಆ ಉರಿಯಲ್ಲಿ ಬೆಳ್ಳನೆಯ ಗಟ್ಟಿ ಹೂಕೋಸನ್ನು ‘ನಮ್ಮ ಹೊಲದ್ದೇ’ ಎಂದು ಕೊಟ್ಟರೆ ಅನುಮಾನಪಡಿ. ಬೇಸಿಗೆಗೆ ಚವಳಿಕಾಯಿ, ಬೆಂಡೆ, ಪುಂಡಿ ಪಲ್ಯ. ಎಳ್ಳಮಾವಾಸ್ಯೆಯ ಹೊತ್ತಿಗೆ ಮೆಂತ್ಯ, ಸಬ್ಬಸಿಗೆ, ಅವರೆ. ಕಾಲಕ್ಕೆ ಒಗ್ಗಿದ ಬೆಳೆ ರೋಗವನ್ನು ತಾನೇ ಒಂದಿಷ್ಟು ತಾಳಿಕೊಳ್ಳುತ್ತದೆ.

ನಾನು ಹೊಲವನ್ನು ಅಳೆಯುವುದು ಬದನೆಯಿಂದ. ಕುಡಿ ಮತ್ತು ಕಾಯಿ ಕೊರಕದ ಮರಿಹುಳು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿನಲ್ಲೇ ಒಳಗೆ ಸೇರಿಕೊಳ್ಳುತ್ತದೆ. ಮೇಲೆ ಸಿಂಪಡಿಸಿದ್ದು ಅದಕ್ಕೆ ಸರಿಯಾಗಿ ತಾಗದು, ಹಾಗಾಗಿ ಮತ್ತೆ ಮತ್ತೆ ಹೊಡೆಯುತ್ತಾರೆ. ಕೊಯ್ಲು ಮೂರು ನಾಲ್ಕು ದಿನಕ್ಕೊಮ್ಮೆ. ಸಿಂಪಡಿಸಿದ ಮೇಲೆ ಕೊಯ್ಲಿಗೆ ಇಷ್ಟು ದಿನ ಕಾಯಬೇಕು ಎಂದು ಔಷಧದ ಡಬ್ಬಿಯ ಮೇಲೆ ಬರೆದಿರುವ ಅವಧಿ ಮುಗಿಯುವ ಮುನ್ನವೇ ಕಾಯಿ ಸಂತೆ ಸೇರಿಬಿಡಬಹುದು. ನನಗೆ ಆತಂಕ ಇರುವುದು ಇಲ್ಲಿಯೇ.

ರಾಸಾಯನಿಕ ಬಿಟ್ಟ ರೈತ ಮಹಿಳೆಯೊಬ್ಬರು ಬಾಡಿ ಜೋತುಬಿದ್ದ ಕುಡಿಯೊಂದನ್ನು ಚಿವುಟಿ, ಉಗುರಿನಿಂದಲೇ ಸೀಳಿ ತೋರಿಸಿದರು. ಒಳಗೆ ತಿಳಿಗುಲಾಬಿ ಬಣ್ಣದ ಹುಳು, ಅದರ ಹಿಂದೆ ಕಪ್ಪು ಹಿಕ್ಕೆ. ಅಂಥ ಕುಡಿಗಳಿಂದ ಅವರ ಮಡಿಲು ತುಂಬಿತ್ತು. ಬದುವಿನ ಮೇಲೆ ಹಾಕಿ ಸುಟ್ಟರು. ಸಾಲುಗಳ ನಡುವೆ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಗಳು. ಮೂಲೆಯ ಡ್ರಮ್ಮಿನಲ್ಲಿ ಬೇವಿನ ಬೀಜದ ಕಷಾಯ, 100 ಲೀಟರ್ ನೀರಿಗೆ 5 ಕಿಲೋ ಬೀಜದ ಲೆಕ್ಕ. ಇಷ್ಟು ದುಡಿದರೂ ಬುಟ್ಟಿಯಲ್ಲಿ ತೂತುಬಿದ್ದ ಕಾಯಿಗಳಿದ್ದವು. ಅವನ್ನು ಆರಿಸಿ ದನಕ್ಕೆ ಹಾಕಿದರು. ಆ ನಷ್ಟ ಬೆಲೆಯಲ್ಲಿ ಸೇರಿರುತ್ತದೆ. ದಯವಿಟ್ಟು ಇಂಥವರೊಡನೆ ಐದು ರೂಪಾಯಿಗೆ ಚೌಕಾಶಿ ಮಾಡಬೇಡಿ. ಹಾಗೆಂದು ಹುಳುಕನ್ನೇ ಸಾಕ್ಷಿ ಎಂದುಕೊಳ್ಳುವುದೂ ತಪ್ಪು, ಔಷಧ ಹೊಡೆದ ಹೊಲದಲ್ಲೂ ಹುಳುಕು ಇರುತ್ತದೆ.

ಪ್ರಮಾಣಪತ್ರವಿಲ್ಲ ಎಂದು ಹಿಂಜರಿಯುವವರಿಗೆ ಒಂದು ಮಾತು. ಸಾವಯವ ಆಹಾರಕ್ಕೆ 2017ರಲ್ಲಿ ಬಂದ ನಿಯಮಗಳು, ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ಪ್ರಮಾಣೀಕರಣದಿಂದ ವಿನಾಯಿತಿ ಕೊಟ್ಟಿವೆ. ಆದರೆ ಅವರು ಸಾವಯವ ಆಹಾರಕ್ಕೆಂದೇ ಇರುವ ‘ಜೈವಿಕ್ ಭಾರತ್’ ಮುದ್ರೆ ಬಳಸುವಂತಿಲ್ಲ. ಆದ್ದರಿಂದ ಮುದ್ರೆ ಹುಡುಕುವ ಬದಲು ಒಮ್ಮೆ ಹೊಲಕ್ಕೇ ಹೋಗಿ ಬನ್ನಿ.

ಉಪ್ಪು, ಅರಿಶಿನದ ನೀರಿನಲ್ಲಿ ನೆನೆಸಿದರೆ ವಿಷವೆಲ್ಲ ಹೋಗುತ್ತದೆ ಎಂಬ ನಂಬಿಕೆ ಬಿಡಿ. ಗಿಡದ ರಸದೊಳಗೆ ಸೇರುವ ಔಷಧ ತೊಳೆದರೆ ಹೋಗುವುದಿಲ್ಲ. ರಾಸಾಯನಿಕವಿಲ್ಲದ ಸೊಪ್ಪನ್ನೂ ತೊಳೆಯಲೇಬೇಕು. ಅದಕ್ಕೆ ಗೊಬ್ಬರವಾಗಿ ಹಾಕುವ ಜೀವಾಮೃತದಲ್ಲಿ ಸಗಣಿ, ಗಂಜಲ ಇರುತ್ತವೆ. ರೊಟ್ಟಿಯೊಡನೆ ಹಸಿಯಾಗಿ ತಿನ್ನುವ ಹಕ್ಕರಕಿ ಸೊಪ್ಪನ್ನಂತೂ ಬೇರು ಕತ್ತರಿಸಿ, ಎಲೆ ಬಿಡಿಸಿ, ಮೂರು ನೀರಿನಲ್ಲಿ ತೊಳೆಯಿರಿ.