ಕಾಪ್: ಫುಟ್‌ಬಾಲಿನ ಗಾಂಧಿ ಕ್ಲಾಸು

ನಿದ್ದೆಗೆಟ್ಟು ಇಂಗ್ಲೆಂಡಿನ ಫುಟ್‌ಬಾಲ್ ನೋಡುವವರ ಕಿವಿಗೆ ‘ಕಾಪ್’ ಅನ್ನೋ ಪದ ಬಿದ್ದೇ ಇರುತ್ತದೆ. ಇದು ಪೊಲೀಸ್ ಕಾಪ್ ಅಲ್ಲ. ಲಿವರ್‌ಪೂಲ್ ತಂಡದ ಆನ್‌ಫೀಲ್ಡ್ ಮೈದಾನದಲ್ಲಿ ಗೋಲಿನ ಹಿಂದೆ ಇರುವ ದೊಡ್ಡ ಸ್ಟ್ಯಾಂಡ್. ನಮ್ಮ ಥಿಯೇಟರಿನ ಗಾಂಧಿ ಕ್ಲಾಸು ಇದ್ದ ಹಾಗೆ: ಕಡಿಮೆ ದುಡ್ಡು, ಜಾಸ್ತಿ ಗಲಾಟೆ.

ಹೋಲಿಕೆಗೆ ಸುಮ್ನೆ ಗಾಂಧಿ ಹೆಸರು ತಂದೆ ಅಂದುಕೊಳ್ಳಬೇಡಿ. ಆಫ್ರಿಕಾನ್ಸ್ ಭಾಷೆಯಲ್ಲಿ ‘ಕಾಪ್’ ಅಂದರೆ ತಲೆ, ಗುಡ್ಡಕ್ಕೂ ಅದೇ ಪದ. ನಾವು ಬೆಟ್ಟದ ನೆತ್ತಿ ಅನ್ನುವುದಿಲ್ಲವೇ, ಹಾಗೆ. ದಕ್ಷಿಣ ಆಫ್ರಿಕಾದ ‘ಸ್ಪಿಯಾನ್ ಕಾಪ್’ ಅನ್ನೋ ಗುಡ್ಡಕ್ಕಾಗಿ 1900ರ ಜನವರಿಯಲ್ಲಿ ಬ್ರಿಟಿಷರಿಗೂ ಬೋಯರರಿಗೂ (ಅಲ್ಲಿ ನೆಲೆಸಿದ್ದ ಡಚ್ ಮೂಲದವರು) ಕಾಳಗ ನಡೆಯಿತು. ಬ್ರಿಟಿಷರು ಸೋತರು. ಸತ್ತವರಲ್ಲಿ ಲಿವರ್‌ಪೂಲ್ ಕಡೆಯ ಹುಡುಗರು ಬಹಳ. ಅಲ್ಲಿ ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊತ್ತ ಭಾರತೀಯರ ಆಂಬುಲೆನ್ಸ್ ದಳವನ್ನು ಕಟ್ಟಿದವರು ಗಾಂಧೀಜಿ!

1906ರಲ್ಲಿ ಆನ್‌ಫೀಲ್ಡಿನಲ್ಲಿ ಜನ ನಿಂತು ಆಟ ನೋಡುವ ಎತ್ತರದ ದಿಬ್ಬ ಎದ್ದಾಗ, ಅರ್ನೆಸ್ಟ್ ಎಡ್ವರ್ಡ್ಸ್ ಎಂಬ ಪತ್ರಕರ್ತರು ಅದಕ್ಕೆ ಆ ಗುಡ್ಡದ ಹೆಸರಿಟ್ಟರು. ಬೇರೆ ಊರುಗಳಲ್ಲೂ ಕಾಪ್‌ಗಳಿವೆ. ಹಾಡಿನಿಂದ ಹೆಸರಾದದ್ದು ಮಾತ್ರ ಇದು.

1960ರ ದಶಕದ ಲಿವರ್‌ಪೂಲ್ ಅಂದರೆ ಬೀಟಲ್ಸ್ ಹುಟ್ಟಿದ ಊರು. ಪಂದ್ಯಕ್ಕೆ ಮೊದಲು ಧ್ವನಿವರ್ಧಕದಲ್ಲಿ ಆ ವಾರದ ಹಿಟ್ ಹಾಡುಗಳನ್ನು ಹಾಕುತ್ತಿದ್ದರು. ಕೂರಲು ಜಾಗವಿಲ್ಲ, ಬರೀ ಕಾಂಕ್ರೀಟ್ ಮೆಟ್ಟಿಲು, ನಡುವೆ ಕಬ್ಬಿಣದ ಅಡ್ಡಗಂಬಿ. ಭುಜಕ್ಕೆ ಭುಜ ತಾಗಿ ನಿಂತ ಸಾವಿರಾರು ಜನ ತೂಗಾಡುತ್ತಾ ದನಿಗೂಡಿಸುತ್ತಿದ್ದರು. 1963ರಲ್ಲಿ ಅದೇ ಊರಿನ ಗೆರ್ರಿ ಅಂಡ್ ದ ಪೇಸ್‌ಮೇಕರ್ಸ್ ತಂಡ ‘ಯೂ ವಿಲ್ ನೆವರ್ ವಾಕ್ ಅಲೋನ್’ (ನೀನೆಂದೂ ಒಬ್ಬಂಟಿಯಾಗಿ ನಡೆಯುವುದಿಲ್ಲ) ಹಾಡಿತು. ಅದು ಮೂಲತಃ ಅಮೆರಿಕದ ಒಂದು ಸಂಗೀತ ನಾಟಕದ ಹಾಡು. ಹಿಟ್ ಪಟ್ಟಿಯಿಂದ ಇಳಿದ ಮೇಲೂ ಕಾಪ್ ಅದನ್ನು ಬಿಡಲಿಲ್ಲ. ಇವತ್ತಿಗೂ ಪಂದ್ಯ ಶುರುವಾಗುವ ಮೊದಲು ಕೆಂಪು ಸ್ಕಾರ್ಫ್‌ಗಳು ಮೇಲೇಳುತ್ತವೆ.

1980ರ ದಶಕದಲ್ಲಿ ಹಾಡಿಗೆ ಭಾರ ಬಂತು. ಬಂದರಿನ ಕೆಲಸಗಳು ಹೋದವು, ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರದ ಮೇಲೆ ಸಿಟ್ಟು ಬೆಳೆಯಿತು. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಲ್ಲಿ 97 ಲಿವರ್‌ಪೂಲ್ ಅಭಿಮಾನಿಗಳು ಜೀವ ಕಳೆದುಕೊಂಡರು. ತಪ್ಪು ಅಭಿಮಾನಿಗಳದೇ ಎಂದು ‘ದಿ ಸನ್’ ಪತ್ರಿಕೆ ಬರೆಯಿತು. ನಗರದ ಬಹಳ ಜನ ಇವತ್ತಿಗೂ ಅದನ್ನು ಮುಟ್ಟುವುದಿಲ್ಲ. ಅಭಿಮಾನಿಗಳ ತಪ್ಪಿಲ್ಲ ಎಂದು ತೀರ್ಪು ಬರಲು 2016 ಆಗಬೇಕಾಯಿತು. ಆ ದುರಂತದ ನಂತರ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಕಡ್ಡಾಯವಾಯಿತು. 1994ರಲ್ಲಿ ಕಾಪ್‌ಗೂ ಕುರ್ಚಿಗಳು ಬಂದವು.

ಹಾಗಾಗಿ 2023ರ ಮೇ 6ರಂದು, ರಾಜ ಚಾರ್ಲ್ಸ್ ಪಟ್ಟಾಭಿಷೇಕದ ದಿನ, ಆನ್‌ಫೀಲ್ಡಿನಲ್ಲಿ ರಾಷ್ಟ್ರಗೀತೆ ಹಾಕಿದಾಗ ಜನ ‘ಬೂ’ ಎಂದು ಕೂಗಿದ್ದು ಬರೀ ಪುಂಡಾಟ ಅಂತ ನನಗನ್ನಿಸುವುದಿಲ್ಲ. ‘ನಾವು ಇಂಗ್ಲಿಷರಲ್ಲ, ಸ್ಕೌಸರು’ ಅನ್ನುವುದು ಅಲ್ಲಿನ ಹಳೆಯ ಘೋಷಣೆ. ಸ್ಕೌಸರು ಅಂದರೆ ಲಿವರ್‌ಪೂಲಿನವರು; ಸ್ಕೌಸ್ ಅಂದರೆ ನಾವಿಕರು ಉಣ್ಣುತ್ತಿದ್ದ ಮಾಂಸ, ಆಲೂಗಡ್ಡೆಯ ಗಟ್ಟಿ ಸಾರು. ಆ ಪದದ ಕಥೆ ಇನ್ನೊಮ್ಮೆ.